ಹೊಗೆಕೋಣೆಯ ಕಿಂಡಿ

ಬಾಗಿಲು ತೆರೆದಾಗ ಮೊದಲು ಹೊರಬಂದದ್ದು ಹೊಗೆ. ಆಮೇಲೆ ಕಂಡದ್ದು ಹೆಣ.

1917ರ ಮಾಗಿ. ಮೊಳಕಾಲ್ಮೂರಿನಲ್ಲಿ ಜಂಬುಲಿಂಗಪ್ಪನವರ ಬಣ್ಣದ ಕಾರ್ಖಾನೆ. ಅದರ ಹಿತ್ತಿಲಲ್ಲಿ ಹೊಗೆಕೋಣೆ. ಬೇಯಿಸಿ ತೊಳೆದ ರೇಷ್ಮೆ ನೂಲಿನ ಲಡಿಗಳನ್ನು ಒದ್ದೆಯಾಗಿಯೇ ಅಲ್ಲಿ ಗಳಗಳಿಗೆ ನೇತುಹಾಕುತ್ತಿದ್ದರು. ಸಂಜೆ ಗಂಧಕಕ್ಕೆ ಬೆಂಕಿ ಇಟ್ಟು ಬಾಗಿಲು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಹಳದಿ ರೇಷ್ಮೆ ಹಾಲಿನಂತೆ ಬಿಳುಪಾಗಿರುತ್ತಿತ್ತು. ಬೆಂಕಿ ಇಡುವ ಕೆಲಸ ಗುರುಸ್ವಾಮಿಯದು. ಇಟ್ಟವನೇ ಮೂಗು ಮುಚ್ಚಿಕೊಂಡು ಓಡಿ ಹೊರಬರಬೇಕು. ಹಿಂದಿನ ಸಂಜೆ ಅವನು ಹೊರಬಂದಿರಲಿಲ್ಲ.

ಚಳ್ಳಕೆರೆಯ ಪೊಲೀಸ್ ಇನ್ಸ್‌ಪೆಕ್ಟರ್ ತೋಟಪ್ಪ ದೇವಸಮುದ್ರದ ಕುರಿ ಕಳವಿನ ತನಿಖೆಗೆಂದು ಬಂದು ಊರಲ್ಲೇ ಇಳಿದುಕೊಂಡಿದ್ದರು. ಸುದ್ದಿ ಮುಟ್ಟಿದ ಕೂಡಲೇ ನಡೆದು ಬಂದರು.

ಹೊಸಿಲ ಬಳಿ ಮೇಸ್ತ್ರಿ ತಿಪ್ಪೇರುದ್ರಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಬಾಗಿಲು ತೆಗೆದದ್ದು ಯಾರು?"

"ನಾನೇ ಸ್ವಾಮಿ. ಹೊರಗಿಂದ ಅಗುಳಿ ಹಾಕಿತ್ತು. ತೆಗೆದು, ಹೊಗೆ ಹೋಗ್ಲಿ ಅಂತ ನಿಂತಿದ್ದೆ. ಆಮೇಲೆ ನೋಡಿದ್ರೆ ಇವನು..."

"ಒಳಗೆ ಹೋದೆಯಾ?"

"ಇಲ್ಲ ಸ್ವಾಮಿ. ಹೊಸಿಲಲ್ಲೇ ನಿಂತು ಕೂಗಿಕೊಂಡೆ. ನನ್ನ ತಂಗಿ ಗಂಡ ಸ್ವಾಮಿ ಇವನು."

"ನಿನ್ನೆ ಸಂಜೆ ಎಲ್ಲಿದ್ದೆ?"

"ಬೇಗ ಮನೆಗೆ ಹೋಗಿದ್ದೆ. ಬೆಂಕಿ ಇಟ್ಟು ಹೊರಗೆ ಬಂದು ಅಗುಳಿ ಹಾಕೋದು ದಿನಾ ಇವನೇ."

ತೋಟಪ್ಪ ಒಳಗೆ ಕಾಲಿಟ್ಟರು. ಕಣ್ಣು ಉರಿಯಿತು. ಗಂಟಲು ಕಟ್ಟಿತು. ಹೆಣ ಬಾಗಿಲ ಬಳಿ ಇರಲಿಲ್ಲ, ಎದುರು ಗೋಡೆಯ ಬುಡದಲ್ಲಿತ್ತು. ಗೋಡೆಯಲ್ಲಿ ತಲೆಯೆತ್ತರಕ್ಕೆ ಒಂದು ಕಿಂಡಿ. ಅದನ್ನು ಹೊರಗಿನಿಂದ ಕಲ್ಲಿಟ್ಟು ಸಗಣಿ ಮಣ್ಣಿನಿಂದ ಬಲವಾಗಿ ಮೆತ್ತಿದ್ದರು. ಗುರುಸ್ವಾಮಿಯ ಉಗುರುಗಳು ಕಿತ್ತುಹೋಗಿದ್ದವು. ಉಳಿದವುಗಳ ಸಂದಿಯಲ್ಲಿ ಮಣ್ಣು.

ಅವನ ರುಮಾಲಿನ ಮಡಿಕೆಯಲ್ಲಿ ಒಂದು ಕಣಗಿಲೆ ಹೂವು. ಬಿಳಿ ಕಣಗಿಲೆ. ಮೊಣಕೈ ಬಳಿ ಹೆಗಲಿಗೆ ಹಾಕುವ ಒಂದು ವಲ್ಲಿ, ಕಣ್ಣಿಗೆ ಹೊಡೆಯುವಂಥ ಗುಲಾಬಿ ಬಣ್ಣದ್ದು.

"ಇದು ಯಾರದು?"

ಬಾಗಿಲಲ್ಲಿ ನೆರೆದ ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಜುಂಜಪ್ಪ ಎಂಬವನು ಬಾಯಿಬಿಟ್ಟ.

"ಸೂರಪ್ಪಂದು ಸ್ವಾಮಿ. ನಿನ್ನೆ ಮಧ್ಯಾಹ್ನ ಇಬ್ರಿಗೂ ದೊಡ್ಡ ಜಗಳ ಆಗಿತ್ತು."

*

ಜಗಳ ಊರಿಗೇ ಗೊತ್ತಿತ್ತು. ಸೂರಪ್ಪ ಗುರುಸ್ವಾಮಿಗಿಂತ ಮುಂಚೆ ಅದೇ ಹೊಗೆಕೋಣೆಯಲ್ಲಿ ದುಡಿದವನು. ಈಗ ಕೆಮ್ಮಿದರೆ ರಕ್ತ. ನನ್ನ ಎದೆ ಸುಟ್ಟದ್ದು ನಿಮ್ಮ ಹೊಗೆ ಎಂದು ಧಣಿಯ ಮೇಲೆಯೇ ದಾವಾ ಹಾಕಿದ್ದ. ಅಂಥದೊಂದು ದಾವಾ ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಮುನ್ಸೀಫರು ಚಳ್ಳಕೆರೆಗೆ ಕ್ಯಾಂಪ್ ಬರುವವರಿದ್ದರು.

ಕಳೆದ ವರ್ಷವೇ ಸರ್ಕಾರದ ಅಧಿಕಾರಿಯೊಬ್ಬರು ಕಾರ್ಖಾನೆ ನೋಡಿ ಹೋಗಿದ್ದರು. ಹೊಗೆಕೋಣೆಯ ಕಿಂಡಿ ಸದಾ ತೆರೆದಿರಬೇಕು, ಬಾಗಿಲಿಗೆ ಹೊರಗಿನಿಂದ ಅಗುಳಿ ಕೂಡದು ಎಂದು ಅವರ ಹುಕುಂ. ಅದು ನಡೆದಿಲ್ಲವೆಂದು ಹೇಳಬಲ್ಲವನು ಒಳಗೆ ಕೆಲಸ ಮಾಡುವ ಗುರುಸ್ವಾಮಿ ಒಬ್ಬನೇ. ಅವನು ಸಾಕ್ಷಿ ಹೇಳಲು ಒಪ್ಪಿರಲಿಲ್ಲ.

ಸೂರಪ್ಪನನ್ನು ಠಾಣೆಗೆ ತಂದರು. ಗೋಡೆ ಹಿಡಿದು ಕೂತ.

"ಬೈದಿದ್ದು ನಿಜ ಸ್ವಾಮಿ. ನಾಳೆ ನಿನಗೂ ಇದೇ ಗತಿ ಬರ್ತೈತೆ ಕಣಲೇ ಅಂದೆ. ಅಷ್ಟೇ."

"ನಿನ್ನ ವಲ್ಲಿ ಒಳಗೆ ಹೇಗೆ ಬಂತು?"

"ಅವ್ರ ಮನೇಲೇ ಬಿಟ್ಟು ಬಂದಿದ್ದೆ. ಜಗಳ ಆಡ್ತಾ ಕೆಮ್ಮು ಬಂತು. ವಲ್ಲಿ ತುಂಬ ರಕ್ತ ಆತು. ಅವನ ಹೆಂಡ್ತಿ ಎರ್ರಮ್ಮ ಒಗೆದುಕೊಡ್ತೀನಿ ಅಂತ ಇಸ್ಕೊಂಡ್ಳು."

ತೋಟಪ್ಪ ಹೊಗೆಕೋಣೆಯ ಅಗುಳಿಯನ್ನು ತರಿಸಿದ್ದರು. ತೋಳುದಪ್ಪದ ಜಾಲಿ ಮರ.

"ಎತ್ತು."

ಸೂರಪ್ಪ ಎತ್ತಿದ. ಮಂಡಿಯವರೆಗೆ ಬಂತು. ಕೆಮ್ಮು ಹತ್ತಿತು. ಅಗುಳಿ ಕೆಳಗೆ ಬಿತ್ತು. ತೋಟಪ್ಪ ತಾವೇ ಅವನಿಗೆ ನೀರು ಕೊಟ್ಟರು. ಆದರೆ ಲಾಕಪ್ಪಿನಿಂದ ಬಿಡಲಿಲ್ಲ.

*

ಗುರುಸ್ವಾಮಿಯ ಮನೆಯಲ್ಲಿ ಮಗ್ಗ ನಿಂತಿತ್ತು. ಎರ್ರಮ್ಮ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

ಅಂಗಳದಲ್ಲಿ ಕಣಗಿಲೆ ಗಿಡ. ಮೈತುಂಬ ಹೂವು. ಎಲ್ಲವೂ ಕೆಂಪು.

ತೋಟಪ್ಪ ಗಿಡದ ಮುಂದೆ ಸ್ವಲ್ಪ ಹೊತ್ತು ನಿಂತರು.

"ಗುರುಸ್ವಾಮಿಯ ರುಮಾಲಲ್ಲಿ ಹೂವಿತ್ತು. ಎಲ್ಲಿಯದಮ್ಮ?"

"ಇದೇ ಗಿಡದ್ದು ಸ್ವಾಮಿ. ದೇವರಿಗೆ ಇಟ್ಟದ್ದು. ಸಂಜೆ ಕೆಲಸಕ್ಕೆ ಹೊರಟಾಗ ನಾನೇ ಕೊಟ್ಟೆ."

"ಕೆಂಪು ಹೂವೇ?"

"ಕೆಂಪೇ. ಬೇರೆ ಎಲ್ಲಿಂದ ತರಲಿ?"

"ಸೂರಪ್ಪನ ವಲ್ಲಿ?"

"ಒಗೆದು ಆ ಹಗ್ಗದ ಮೇಲೆ ಹಾಕಿದ್ದೆ."

"ಯಾರು ತೆಗೆದುಕೊಂಡು ಹೋದರು?"

ಅವಳು ಹಗ್ಗದ ಕಡೆ ನೋಡಿದಳು. ತುಟಿ ಅಲುಗಿತು.

"ರಾತ್ರಿ ಗಂಡ ಮನೆಗೆ ಬರಲಿಲ್ಲ. ನೀನು ಹುಡುಕಲಿಲ್ಲವೇ?"

"ಚಳ್ಳಕೆರೆಗೆ ಹೊರಟಿರಬೇಕು ಅನ್ಕೊಂಡೆ." ಹೇಳಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

"ಚಳ್ಳಕೆರೆಗೆ? ಸಾಕ್ಷಿ ಹೇಳುವುದಕ್ಕೋ?"

ಎರ್ರಮ್ಮ ತಲೆ ತಗ್ಗಿಸಿದಳು. "ಸೂರಪ್ಪನ ರಕ್ತ ನೋಡಿದ ಮೇಲೆ ನನ್ನ ಗಂಡನ ಮನಸ್ಸು ತಿರುಗಿತು. ಹೇಳೇ ಹೇಳ್ತೀನಿ ಅಂದ."

"ಅದು ಇನ್ಯಾರಿಗೆ ಗೊತ್ತಿತ್ತು?"

ಎರ್ರಮ್ಮ ಬೆಚ್ಚಿದಳು.

"ನನ್ನನ್ನು ಕೇಳಬೇಡಿ ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಬಾಯಿಂದ ಬ್ಯಾಡ."

*

ಜಂಬುಲಿಂಗಪ್ಪ ಮಾರನೆಯ ದಿನ ಬಂದರು. ಘಟನೆಯ ದಿನ ಅವರು ಚಳ್ಳಕೆರೆಯಲ್ಲಿ ವಕೀಲರ ಮನೆಯಲ್ಲಿದ್ದರು. ಅದನ್ನು ಕಂಡವರು ಬೇಕಾದಷ್ಟು ಜನ. ಬಂಡಿಯಿಂದ ಇಳಿಯುತ್ತಲೇ ಶುರುಮಾಡಿದರು.

"ಸರ್ಕಾರ ಹೇಳಿದ್ದೆಲ್ಲ ಮಾಡಿದೀನಿ ಇನ್ಸ್‌ಪೆಕ್ಟರೇ. ಕಿಂಡಿ, ಅಗುಳಿ ಎಲ್ಲದರ ಜವಾಬ್ದಾರಿ ಮೇಸ್ತ್ರಿಗೆ ಒಪ್ಪಿಸಿದೀನಿ. ಅಧಿಕಾರಿಗಳ ಮುಂದೇನೇ ಅವನು ಒಪ್ಪಿಕೊಂಡಿದ್ದಾನೆ. ತಪ್ಪಾದರೆ ಅವನದು."

ತಿಪ್ಪೇರುದ್ರಪ್ಪ ಅಲ್ಲೇ ನಿಂತಿದ್ದ. ನೆಲ ನೋಡಿದ.

"ಕೊಂದವನಂತೂ ಸಿಕ್ಕಿದ್ದಾನಲ್ಲ," ಎಂದರು ಧಣಿ. "ಸೂರಪ್ಪ."

"ಒಂದು ನಿಮಿಷ," ಎಂದರು ತೋಟಪ್ಪ.

ಕಾರ್ಖಾನೆಯ ಅಂಗಳಕ್ಕೆ ಎಲ್ಲರನ್ನೂ ಕರೆಸಿದರು. ಸೂರಪ್ಪನನ್ನೂ, ಎರ್ರಮ್ಮನನ್ನೂ. ಹೆಂಚಿನ ಮೇಲೆ ಕೆಂಡ ಹಾಕಿ, ಅದಕ್ಕೆ ಗಂಧಕ ಉದುರಿಸಿದರು. ನೀಲಿ ಉರಿ ಎದ್ದಿತು. ಒಂದು ದೊಡ್ಡ ಮಡಕೆಯೊಳಗೆ ಕೆಂಪು ಕಣಗಿಲೆಯನ್ನೂ ಗುಲಾಬಿ ವಲ್ಲಿಯಿಂದ ಹರಿದ ಒಂದು ಚೂರನ್ನೂ ನೀರಿನಲ್ಲಿ ಅದ್ದಿ ಕಟ್ಟಿ, ಉರಿಯ ಮೇಲೆ ಬೋರಲು ಹಾಕಿದರು.

ಸೂರಪ್ಪ ಕೆಮ್ಮಿದ.

ಸಾಕಷ್ಟು ಹೊತ್ತಾದ ಮೇಲೆ ಮಡಕೆ ಎತ್ತಿದರು. ಹೂವು ಬಿಳಿ. ಬಟ್ಟೆಯ ಚೂರೂ ಬಿಳಿ.

"ಗುರುಸ್ವಾಮಿ ಮುಡಿದ ಹೂವು ಕೆಂಪು. ರಾತ್ರಿಯೆಲ್ಲ ಹೊಗೆಯಲ್ಲಿದ್ದು ಬಿಳುಪಾಯಿತು. ಕೋಣೆ ತುಂಬ ಒದ್ದೆ ರೇಷ್ಮೆ, ಒದ್ದೆ ಗಾಳಿ. ಅದೇ ಹೊಗೆಯಲ್ಲಿ ಅವನ ಪಕ್ಕದಲ್ಲೇ ಇದ್ದ ವಲ್ಲಿಯೂ ಬಿಳುಪಾಗಬೇಕಿತ್ತು. ಆಗಲಿಲ್ಲ. ಅಂದರೆ ರಾತ್ರಿ ಅದು ಅಲ್ಲಿರಲೇ ಇಲ್ಲ. ಬೆಳಗ್ಗೆ ಹೊಗೆ ಹೋದ ಮೇಲೆ ಯಾರೋ ತಂದು ಹಾಕಿದ್ದು. ಸೂರಪ್ಪನ ಹೆಸರು ಬರಲಿ ಅಂತ."

ತೋಟಪ್ಪ ತಿರುಗಿದರು.

"ಬೆಳಗ್ಗೆ ಬಾಗಿಲು ತೆಗೆದವನು ಒಬ್ಬನೇ. ಹೊಗೆ ಹೋಗುವವರೆಗೆ ಕಾದವನೂ ಅವನೇ. ಹೊಸಿಲು ದಾಟಿಲ್ಲ ಅಂತ ಅವನೇ ಹೇಳಿದ. ಜನ ಸೇರಿದ ಮೇಲೆ ಒಳಗೆ ಮೊದಲು ಕಾಲಿಟ್ಟವನು ನಾನು. ವಲ್ಲಿ ಆಗಲೇ ಎದುರು ಗೋಡೆಯ ಬುಡದಲ್ಲಿತ್ತು. ಆ ವಲ್ಲಿ ಎರ್ರಮ್ಮನ ಅಂಗಳದಲ್ಲಿ ಒಣಗುತ್ತಿತ್ತು. ಅದರ ಮೇಲೆ ರಕ್ತದ ಕಲೆಯಿಲ್ಲ, ಒಗೆದದ್ದು. ಬೆಳಕು ಹರಿಯುವ ಮುಂಚೆ ಅಲ್ಲಿಗೆ ಹೋದರೂ ಯಾರಿಗೂ ಅನುಮಾನ ಬರದಂಥ ಮನುಷ್ಯ ಯಾರು? ಎರ್ರಮ್ಮ ಹೆಸರು ಹೇಳುವುದಕ್ಕೆ ನಾಲಿಗೆ ಏಳದಂಥ ಮನುಷ್ಯ ಯಾರು?"

ತಿಪ್ಪೇರುದ್ರಪ್ಪ ಓಡಲಿಲ್ಲ. ಓಡಲು ಎತ್ತ ಕಡೆಯೂ ದಾರಿಯಿಲ್ಲದವನಂತೆ ನಿಂತಲ್ಲೇ ಕುಸಿದ.

"ಅನ್ನಾ," ಎಂದಳು ಎರ್ರಮ್ಮ. ತವರಿನ ತೆಲುಗಿನಲ್ಲಿ ಅಣ್ಣನನ್ನು ಕರೆಯುವ, ಅಷ್ಟೇ ಒಂದು ಮಾತು.

"ಕಿಂಡಿ ತೆರೆದ್ರೆ ರೇಷ್ಮೆ ಹಳದಿ ಉಳೀತೈತೆ," ಎಂದ ಅವನು, ಯಾರ ಮುಖವನ್ನೂ ನೋಡದೆ. "ಹಳದಿ ಆದ್ರೆ ಧಣಿ ಕೆಲಸದಿಂದ ತೆಗೀತಾರೆ. ಮುಚ್ಚು ಅಂದೋರು ಅವ್ರೇ. ಸರ್ಕಾರ ಕೇಳಿದ್ರೆ ಜೈಲು ನಿಂಗೆ ಅಂದೋರೂ ಅವ್ರೇ. ಗುರುಸ್ವಾಮಿ ಸಂಜೆ ಬಂದು, ಬಾವಾ, ನಾಳೆ ಹೊರಟೆ, ಇದ್ದದ್ದು ಇದ್ದಂಗೆ ಹೇಳ್ತೀನಿ, ನಿಮ್ಮಿಂದ ಮುಚ್ಚಿಡಬಾರದು ಅಂತ ಬಂದೆ ಅಂದ."

"ಆಮೇಲೆ?"

"ಒಳಗೆ ಹೋಗಿ ಬೆಂಕಿ ಇಟ್ಟ. ಅಗುಳಿ ಹಾಕ್ದೆ. ಸಾಕ್ಷಿ ಹೇಳಲ್ಲ ಅಂತ ಮಾತು ಕೊಡು, ತೆಗೀತೀನಿ ಅಂತ ಕೂಗ್ದೆ. ಅವನು ಬಾಗಿಲು ಬಡಿದ. ಮಾತು ಮಾತ್ರ ಕೊಡಲಿಲ್ಲ. ಆಮೇಲೆ ಕೊಡೋಕೆ ಅವನಿಗೆ ಉಸಿರೇ ಇರಲಿಲ್ಲ ಅನ್ನಿಸ್ತೈತೆ. ಬಡಿಯೋದು ನಿಂತಾಗ ತೆಗೆಯೋಕೆ ನನಗೆ ಧೈರ್ಯ ಬರಲಿಲ್ಲ."

ಸೂರಪ್ಪ ಮುಖ ಮುಚ್ಚಿಕೊಂಡ. ದಫೇದಾರ ಬೇಡಿ ತಂದ.

"ನಾನು ಹೇಳಲಿಲ್ಲವೇ?" ಎಂದರು ಜಂಬುಲಿಂಗಪ್ಪ, ಹೆಗಲ ಶಲ್ಯ ಸರಿಮಾಡಿಕೊಳ್ಳುತ್ತ. "ತಪ್ಪೆಲ್ಲ ಮೇಸ್ತ್ರಿದು."

*

ಚಳ್ಳಕೆರೆಯ ಕ್ಯಾಂಪ್ ಕೋರ್ಟಿನಲ್ಲಿ ಸೂರಪ್ಪನ ದಾವಾ ವಿಚಾರಣೆಗೆ ಬಂತು. ಗುರುಸ್ವಾಮಿಯ ಜಾಗದಲ್ಲಿ ಸಾಕ್ಷಿಗೆ ನಿಂತವಳು ಎರ್ರಮ್ಮ. ದಿನಾ ಸಂಜೆ ಕಿಂಡಿಗೆ ಮೆತ್ತುವ ಸಗಣಿ ಮಣ್ಣನ್ನು ಕಲಸಿ ಕೊಡುತ್ತಿದ್ದವಳು ತಾನೇ ಎಂದಳು. ಕೊಡು ಎಂದು ಹೇಳಿ ಕಳಿಸುತ್ತಿದ್ದವರು ಧಣಿ ಎಂದಳು.

ಧಣಿಯ ವಕೀಲರು ಎದ್ದರು.

"ನಿನ್ನ ಗಂಡನನ್ನು ಕೊಂದವನು ನಿನ್ನ ಅಣ್ಣ. ಅವನೇ ಒಪ್ಪಿಕೊಂಡಿದ್ದಾನೆ. ಇದರಲ್ಲಿ ಜಂಬುಲಿಂಗಪ್ಪನವರದು ಏನು?"

ಅವಳು ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಾಗಿಲು ಹಾಕಿದ್ದು ನಮ್ಮಣ್ಣ ಸ್ವಾಮಿ. ಇಲ್ಲ ಅನ್ನಲ್ಲ. ಕಿಂಡಿ ಮುಚ್ಚಿಸಿದ್ದು ಇವರು. ಕಿಂಡಿ ತೆರೆದಿದ್ರೆ ನನ್ನ ಗಂಡ ಅದಕ್ಕೆ ಮೂಗು ಕೊಟ್ಟುಕೊಂಡು ನಿಂತಿರ್ತಿದ್ದ. ಬೆಳಗ್ಗೆ ಕೆಮ್ಮಿಕೊಂಡಾದ್ರೂ ಹೊರಗೆ ಬರ್ತಿದ್ದ. ಅವನು ಸತ್ತದ್ದು ಬಾಗಿಲ ಹತ್ರ ಅಲ್ಲ ಸ್ವಾಮಿ. ಕಿಂಡಿ ಹತ್ರ."

ವಕೀಲರು ಕೂತುಕೊಂಡರು.

ಅಪಾಯ ಗೊತ್ತಿದ್ದ ಮಾಲೀಕ ಹೊಣೆಯನ್ನು ಕೂಲಿಯವನ ಹೆಗಲಿಗೆ ದಾಟಿಸಿದ ಮಾತ್ರಕ್ಕೆ ಪಾರಾಗುವುದಿಲ್ಲವೆಂದು ಮುನ್ಸೀಫರು ತೀರ್ಪು ಕೊಟ್ಟರು. ದಾವಾ ಸೂರಪ್ಪನ ಪರವಾಯಿತು. ಸರ್ಕಾರದ ಹುಕುಂ ಮೀರಿದ್ದಕ್ಕೆ ಜಂಬುಲಿಂಗಪ್ಪನ ಮೇಲೆ ಬೇರೆಯೇ ಮೊಕದ್ದಮೆ ಹೂಡಿ ತೋಟಪ್ಪ ಕಾರ್ಖಾನೆಗೆ ಬೀಗ ಹಾಕಿಸಿದರು. ಹೊಗೆಕೋಣೆಯ ಗೋಡೆಗಳನ್ನು ಕೆಡವುವ ದಿನ ಅರ್ಧ ಊರು ನೋಡಲು ಹೋಯಿತು.

ಎರ್ರಮ್ಮ ಹೋಗಲಿಲ್ಲ. ಅವಳು ಬುತ್ತಿ ಕಟ್ಟಿಕೊಂಡು ಚಿತ್ರದುರ್ಗದ ಜೈಲಿನ ಬಾಗಿಲಲ್ಲಿ ಕೂತಿದ್ದಳು. ಕಾವಲಿನವನು ಹೆಸರು ಕೇಳಿ ಒಳಗೆ ಹೋಗು ಎಂದ. ಎದ್ದಳು. ಎರಡು ಹೆಜ್ಜೆ ಇಟ್ಟಳು. ಆಮೇಲೆ ಬುತ್ತಿಯನ್ನು ಅವನ ಕೈಗೆ ಕೊಟ್ಟು, "ತಂಗಿ ತಂದಿದ್ಳು ಅನ್ನಿ," ಎಂದು ತಿರುಗಿ ನಡೆದಳು.