ಸ್ಕೇಲಿಟ್ಟು ಕತ್ತರಿಸಿದ ಬಳೆ

"ಇದೇನು ಶಾಲೆಯೋ, ದರ್ಜಿ ಅಂಗಡಿಯೋ?"

ಬಾಗಿಲಲ್ಲಿ ನಿಂತು ನಾನು ಕೂಗಿದ್ದು ಇಷ್ಟೇ ಅಲ್ಲ. ಕಾಗದದ ಚೂರೆಲ್ಲ ಗಾಳಿಗೆ ಹಾರಿ ಪಕ್ಕದ ನನ್ನ ಏಳನೇ ತರಗತಿಗೆ ಬರುತ್ತಿದೆ, ಭಿನ್ನರಾಶಿ ಕಲಿಯಬೇಕಾದವರು ಚೂರು ಹಿಡಿಯುತ್ತ ಕೂತಿದ್ದಾರೆ, ಪಾಠ ಮಾಡಲು ಬೇಜಾರಾದರೆ ಹೇಳಿ, ಮಕ್ಕಳ ಕೈಗೆ ಕತ್ತರಿ ಕೊಟ್ಟು ಕೂರಿಸಬೇಡಿ ಎಂದೆ. ಒಂದನೇ ತರಗತಿಯ ಮಕ್ಕಳು ಗೋಂದು ಮೆತ್ತಿದ ಕೈಗಳನ್ನು ಹಾಗೇ ಎತ್ತಿ ಹಿಡಿದು ನನ್ನನ್ನು ನೋಡಿದವು.

ಹೊಸ ಟೀಚರ್ ತಲೆ ಎತ್ತಲಿಲ್ಲ. ಕತ್ತರಿ ಕಾಗದದ ಅಂಚು ಮುಟ್ಟಿದ ಮೇಲೆ, ನನ್ನ ಮುಖವನ್ನಲ್ಲ, ಪಾದವನ್ನು ನೋಡಿದಳು.

"ನೀವು ಏಳರ ಮೇಲೆ ನಿಂತಿದ್ದೀರಿ ಮೇಷ್ಟ್ರೇ. ಅದಿನ್ನೂ ಒಣಗಿಲ್ಲ."

ಕೆಳಗೆ ನೋಡಿದೆ. ಮಕ್ಕಳು ಜಿಗಿದು ಆಡಲೆಂದು ನೆಲದ ಮೇಲೆ ಸಾಲಾಗಿ ಬಣ್ಣದ ಅಂಕಿಗಳನ್ನು ಅಂಟಿಸಿದ್ದಳು. ಏಳು ನನ್ನ ಚಪ್ಪಲಿಗೆ ಅಂಟಿಕೊಂಡಿತ್ತು. ಕಿತ್ತರೆ ಅರ್ಧ ನೆಲದಲ್ಲೇ ಉಳಿಯಿತು. ಮಕ್ಕಳು ನಕ್ಕವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮುಂದೆ ಕೂತಿದ್ದ, ಹಲ್ಲು ಬಿದ್ದ ಹುಡುಗಿಯನ್ನು ಐದರಲ್ಲಿ ಎರಡು ಹೋದರೆ ಎಷ್ಟು ಎಂದು ಗದರಿಸಿ ಕೇಳಿದೆ. ಅವಳನ್ನು ಎಲ್ಲರೂ ಬೊಚ್ಚಿ ಎನ್ನುತ್ತಿದ್ದರು. ಬೊಚ್ಚಿ ಕಿಟಕಿಯಿಂದ ಕಪ್ಪುಹಲಗೆಯವರೆಗೆ ತೂಗಿದ್ದ ಕಾಗದದ ಸರಪಳಿಯತ್ತ ನೋಡಿದಳು.

"ಯಾವ ಕಡೆಯಿಂದ ತೆಗೀಲಿ ಸರ್?"

ನಾನು ಮಗ್ಗಿ ಕಲಿತದ್ದು ಹಳ್ಳಿಯ ಶಾಲೆಯಲ್ಲಿ, ಬೆತ್ತದ ಎದುರು. ಯಾವ ಕಡೆಯಿಂದ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಯಾವ ಕಡೆಯಿಂದ ತೆಗೆದರೂ ಒಂದೇ ಅಂತ ನಾಳೆ ನೀವೇ ಬಂದು ತೋರಿಸಿ ಎಂದು ಟೀಚರ್ ನನ್ನ ಕೈಗೊಂದು ಕತ್ತರಿ ಕೊಟ್ಟಳು.

ಹೋದೆ. ಜಗಳ ಮುಂದುವರಿಸಲೆಂದೇ ಹೋದೆ.

ಮೈದಾ ಕುದಿಸಿದ ಗೋಂದಿನ ವಾಸನೆ ಈಗಲೂ ಎಲ್ಲಾದರೂ ಬಂದರೆ ಆ ಕೋಣೆ ಕಣ್ಣೆದುರು ನಿಲ್ಲುತ್ತದೆ. ಕುಳ್ಳ ಬೆಂಚುಗಳು, ಮಧ್ಯಾಹ್ನದ ಬಿಸಿಲು, ಅವಳ ಕೂದಲಲ್ಲಿ ಸಿಕ್ಕಿಕೊಂಡ ಹಳದಿ ಚೂರು. ಅದನ್ನು ತೆಗೆಯಲೇ ಎಂದು ಕೇಳುವಷ್ಟು ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಅವಳು ಚೌಕವನ್ನು ಮಡಿಸಿ ಅರ್ಧ ಎನ್ನುವಳು. ಮತ್ತೆ ಮಡಿಸಿ, ಅರ್ಧದ ಅರ್ಧ ಏನು ಎಂದು ಕೇಳುವಳು. "ಮರಿ ಅರ್ಧ" ಎಂದು ಮಕ್ಕಳು ಕೂಗುವವು. ಅವಳು ತಿದ್ದುತ್ತಿರಲಿಲ್ಲ. ಮೂಲೆ ಕತ್ತರಿಸಿ ಬಿಡಿಸಿದರೆ ಹೂವು. ಹೂವಿನ ನಡುವಿನ ತೂತಿಗೆ ಒಂದು ಕಣ್ಣಿಟ್ಟು ಕೋಣೆಯನ್ನೆಲ್ಲ ನೋಡುವಳು. ಆ ಕಣ್ಣು ಸುತ್ತಿ ಬಂದು ನನ್ನ ಮೇಲೆ ನಿಂತಾಗ ನಾನು ಸ್ಕೇಲು ಒರೆಸುತ್ತಿದ್ದೆ. ಸ್ಕೇಲಿಲ್ಲದೆ ನಾನು ಒಂದು ಗೆರೆಯನ್ನೂ ಎಳೆದವನಲ್ಲ. ಮಕ್ಕಳು ನನಗೆ ಸ್ಕೇಲು ಸರ್ ಎಂದೂ ಅವಳಿಗೆ ಕತ್ತರಿ ಟೀಚರ್ ಎಂದೂ ಹೆಸರಿಟ್ಟಿದ್ದವು.

ಸರಪಳಿಯ ಒಂದೊಂದು ಉಂಗುರವನ್ನು ಮಕ್ಕಳು ಬಳೆ ಎನ್ನುತ್ತಿದ್ದವು. ದಿನ ಬೆಳಗ್ಗೆ ಒಬ್ಬರು ಒಂದು ಬಳೆ ಹರಿಯಬೇಕು, ಉಳಿದದ್ದನ್ನು ಎಲ್ಲರೂ ಎಣಿಸಬೇಕು. ಬಳೆ ಮುಗಿದ ದಿನ ರಜೆ. ಕಳೆಯುವ ಲೆಕ್ಕ ಹೀಗೆ ಸಂತೋಷವಾಗಿ ಬರುತ್ತೆ ಎಂದಳು. ನಾನು ಒಪ್ಪಿದೆ. ಆಮೇಲೆ ಇನ್ನೊಂದು ಮಾತನ್ನು ಹಾಗೇ ಸೇರಿಸಿದಳು. ಬಾಣಂತನಕ್ಕೆ ಹೋಗಿರುವ ಟೀಚರ್ ರಜೆ ಮುಗಿದ ಮೇಲೆ ಬರುತ್ತಾರೆ, ತಾನಿರುವುದು ರಜೆಯವರೆಗೆ ಮಾತ್ರ.

ಅಂದಿನಿಂದ ಆ ಸರಪಳಿ ನನ್ನ ಕಣ್ಣಿಗೆ ಬೇರೆಯೇ ಆಯಿತು.

ಸಂಜೆ ಬೀಗ ಹಾಕುವ ಕೆಲಸ ನನ್ನದು. ಎಲ್ಲರೂ ಹೋದ ಮೇಲೆ ಒಂದು ಕೆಂಪು ಪಟ್ಟಿ ಕತ್ತರಿಸಿ, ಬಳೆ ಮಾಡಿ, ಸರಪಳಿಯ ನಡುವೆ ಸೇರಿಸಿದೆ. ಬೆಳಗ್ಗೆ ಗೋಡೆಯಾಚೆ ದೊಡ್ಡ ಗಲಾಟೆ. ಒಂದು ಹರಿದರೂ ನಿನ್ನೆಯಷ್ಟೇ ಇದೆ ಎಂದು ಕೆಲವರು, ನಿನಗೆ ಎಣಿಸೋಕೆ ಬರಲ್ಲ ಎಂದು ಕೆಲವರು. ನಾನು ಭಿನ್ನರಾಶಿ ಬರೆಯುತ್ತ ಹಲಗೆಯ ಕಡೆಗೆ ಮುಖ ಮಾಡಿ ನಕ್ಕೆ. ಸಂಜೆ ಮತ್ತೊಂದು ಅಂಟಿಸಿದೆ. ಮರುದಿನವೂ ಅಂಟಿಸಿದೆ. ಕ್ಯಾಲೆಂಡರು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ನನಗದು ಗೊತ್ತಿಲ್ಲದ್ದೇನಲ್ಲ.

ಒಂದು ದಿನ ಅವಳು ನನಗೆ ಹೇಳಿ ಕಳಿಸಿದಳು. ಹೋದರೆ ಸರಪಳಿ ನೆಲದ ಮೇಲಿದೆ, ಮಕ್ಕಳು ಸುತ್ತ ಕೂತಿವೆ. ಇವತ್ತಿನ ಪಾಠ, ಗುಂಪಿನಲ್ಲಿ ಬೇರೆ ಥರ ಇರುವುದನ್ನು ಹುಡುಕುವುದು. ಮಕ್ಕಳು ಕತ್ತರಿಸಿದ ಬಳೆಗಳು ಒಂದು ಕಡೆ ಅಗಲ, ಒಂದು ಕಡೆ ಸಣ್ಣ, ಅಂಚೆಲ್ಲ ಇಲಿ ಕಡಿದಂತೆ. ನಡುನಡುವೆ ಕೆಲವು ಮಾತ್ರ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನೆಟ್ಟಗೆ.

ಬೊಚ್ಚಿ ಒಂದನ್ನು ಎತ್ತಿ ಹಿಡಿದಳು. "ಟೀಚರ್, ಇದು ಸ್ಕೇಲು ಸರ್ ಥರ ಇದೆ."

ತರಗತಿಯೆಲ್ಲ ನನ್ನ ಕಡೆ ತಿರುಗಿತು. ಕಿವಿ ಕಾದ ಕಬ್ಬಿಣವಾಯಿತು. ಟೀಚರ್ ನಗಲಿಲ್ಲ. ಬಗ್ಗಿ ಆ ಬಳೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಮೇಜಿನ ಮೇಲಿಟ್ಟಳು. ತಲೆ ಎತ್ತಿದಾಗ ಅವಳ ಕಿವಿಯೂ ಕೆಂಪಾಗಿತ್ತು.

ರಜೆಯ ಹಿಂದಿನ ಸಂಜೆ ಕೇಳಿದೆ. ಸುತ್ತಿ ಬಳಸಿ ಮಾತಾಡುವುದು ನನ್ನ ಹುಟ್ಟಿನಲ್ಲೇ ಇಲ್ಲ.

"ನನ್ನ ಮದುವೆ ಆಗ್ತೀರಾ?"

ಅವಳು ಕುಳ್ಳ ಬೆಂಚಿನ ಮೇಲೆ ಕೂತಳು. ತೀರಿಹೋದ ಅಕ್ಕನ ವಿಷಯ ಹೇಳಿದಳು. ಅಕ್ಕನಿಗೆ ಇಬ್ಬರು ಮಕ್ಕಳು. ಈ ಮಡಿಸುವುದು, ಕತ್ತರಿಸುವುದೆಲ್ಲ ಅವರನ್ನು ಸಮಾಧಾನ ಮಾಡಲೆಂದೇ ಕಲಿತದ್ದಂತೆ. ಭಾವ ಒಳ್ಳೆಯವರು. ಆ ಮನೆಗೆ ಅವಳೇ ಬರಲಿ ಎಂದು ಎರಡೂ ಕಡೆಯವರ ಆಸೆ. ರಜೆಗೆ ಬಂದಾಗ ಹೇಳ್ತೀನಿ ಎಂದು ಮಾತು ಕೊಟ್ಟು ಬಂದಿದ್ದಳು.

"ಏನು ಹೇಳ್ತೀರಿ?"

"ಇಲ್ಲಿಗೆ ಬರೋಕೆ ಮುಂಚೆ ಗೊತ್ತಿತ್ತು," ಎಂದಳು. "ಈಗ ಗೊತ್ತಿಲ್ಲ. ಚಿಕ್ಕವನು ನನ್ನನ್ನೇ ಅಮ್ಮ ಅಂತಾನೆ ಮೇಷ್ಟ್ರೇ."

ಕೂಗಾಡಿದೆ. ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಮದುವೆಗೂ ಏನು ಸಂಬಂಧ ಎಂದೆ, ನಿಮ್ಮ ಬಾಳು ನಿಮ್ಮದಲ್ಲವೇ ಎಂದೆ. ಕೂಗಿ ಮುಗಿಯುವವರೆಗೆ ಕಾದಳು, ಮೊದಲ ದಿನ ಕತ್ತರಿ ಅಂಚು ಮುಟ್ಟುವವರೆಗೆ ಕಾದಂತೆ.

ಅವಳು ಮರಳಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಕಾಯಿಸಿ ಹೇಳುವ ತಾಳ್ಮೆ ನನಗಿಲ್ಲ. ಬಾಣಂತನ ಮುಗಿಸಿದ ಟೀಚರ್ ಸ್ವಲ್ಪ ಕಾಲದಲ್ಲೇ ಬೇರೆ ಶಾಲೆಗೆ ಹೋದರು, ನಾನು ಕೇಳಿ ಒಂದನೇ ತರಗತಿ ತೆಗೆದುಕೊಂಡೆ. ಈಗಲೂ ಅದು ನನ್ನದೇ. ಪ್ರತಿ ರಜೆಗೆ ಸರಪಳಿ ಕಟ್ಟುತ್ತೇವೆ. ಸ್ಕೇಲು ಮುಟ್ಟುವುದಿಲ್ಲ. ನನ್ನ ಬಳೆಗಳ ಅಂಚೂ ಈಗ ಇಲಿ ಕಡಿದಂತೆಯೇ.

ನಾನು ಮದುವೆ ಕೇಳಿದ ಮರುದಿನ, ಆ ಕೊನೆಯ ದಿನ, ಬೊಚ್ಚಿ ಕೊನೆಯ ಬಳೆ ಹರಿದಳು. ಮಕ್ಕಳು ಕೂಗುತ್ತ ಮನೆಗೆ ಓಡಿದವು. ಟೀಚರ್ ಮೇಜಿನ ಮೇಲಿದ್ದ ನನ್ನ ಬಳೆಗಳಲ್ಲಿ ಒಂದನ್ನು ಎತ್ತಿ ಬಲಗೈಗೆ ತೊಟ್ಟಳು. ಅಳತೆ ಸರಿಯಾಗಿತ್ತು.

"ರಜೆ ಮುಗಿದ ದಿನ ನಾನು ಬಂದ್ರೆ, ಇದೇ ಮೊದಲ ಬಳೆ. ಹೊಸ ಸರಪಳಿ ಶುರು ಮಾಡೋಣ."

"ಬರ್ದಿದ್ರೆ?"

"ಎಣಿಸ್ತಾ ಕೂರಬೇಡಿ. ನಿಮಗೆ ಕೂಡಿಸೋದು ಬಿಟ್ರೆ ಬೇರೆ ಲೆಕ್ಕ ಬರಲ್ಲ."

ನಗುತ್ತಲೇ ಹೇಳಿದಳು. ಚೀಲ ಹೆಗಲಿಗೇರಿಸಿ ಅಂಗಳಕ್ಕಿಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಕಾಲ ಕೆಳಗೆ ಅರ್ಧ ಹರಿದ ಏಳು. ಗೇಟಿನ ಚಿಲಕ ತೆಗೆಯಲು ಕಾಗದದ ಬಳೆ ಹರಿದೀತೆಂದು ಎಡಗೈ ಬಳಸಿದಳು. ರೂಢಿಯಿಲ್ಲದ ಕೈ, ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಚಿಲಕ ತೆರೆಯಿತು. ಹೋದಳು.