ತಿದ್ದಿದ ಹೆಜ್ಜೆ

ಟಕ್... ಟಕ್... ಟಕ್!

ರಾತ್ರಿ ಒಂಬತ್ತಕ್ಕೆ ಯಾರು? ಬಾಗಿಲು ತೆರೆದವಳ ಮೈಯೆಲ್ಲ ಉರಿಯಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದವನು ಅವನೇ, ಆ ತಂತ್ರಜ್ಞ!

"ಇನ್ನೇನು ಉಳಿದಿದೆ ತಿದ್ದೋಕೆ? ಮೂಗಾ?"

"ಮೆಲ್ಲಗೆ... ಅಕ್ಕ ಮಲಗಿದಾರಾ?"

"ಅಕ್ಕನ ವಿಷಯ ನಿಮಗ್ಯಾಕೆ?"

ಮೂರು ತಿಂಗಳಿಂದ ಅವನು ಅವಳ ಕೀಲುಕೀಲಿಗೂ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತಲಿನ ಕ್ಯಾಮೆರಾಗಳಿಂದ ಅವಳ ಚಲನೆಯನ್ನು ಕಂಪ್ಯೂಟರಿಗೆ ಇಳಿಸಿದ್ದ. ನಾಳೆ ಅವಳು ರಂಗದ ಮೇಲೆ ಕುಣಿಯುವಾಗ, ಹಿಂದಿನ ಪರದೆಯಲ್ಲಿ ಆ ಬೆಳಕಿನ ಆಕೃತಿಯೂ ಕುಣಿಯಬೇಕು. ನೃತ್ಯ ಸಂಯೋಜನೆ ಅಕ್ಕನದು. ಅಪಘಾತದಲ್ಲಿ ತಂಗಿಯ ಎಡಗಾಲು ಮುರಿದ ದಿನ ಸ್ಕೂಟರ್ ಓಡಿಸುತ್ತಿದ್ದವಳೂ ಅಕ್ಕನೇ.

ಇಂದು ಸಂಜೆಯ ತಾಲೀಮಿನಲ್ಲಿ, ಅವಳಂತೆಯೇ ಕುಂಟಬೇಕಿದ್ದ ಆ ಆಕೃತಿ ಕುಂಟಲೇ ಇಲ್ಲ!

"ನನ್ನ ಕಾಲು ರಿಪೇರಿ ಮಾಡೋಕೆ ನೀವ್ಯಾರು?" ಎಂದು ತಂಡದೆದುರೇ ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಅವನು ಲ್ಯಾಪ್‌ಟಾಪ್ ಮಡಚಿಕೊಂಡು ಹೊರಟುಹೋಗಿದ್ದ.

ಈಗ ಬಾಗಿಲಿಗೆ ಅಡ್ಡ ನಿಂತಳು. "ಪರದೆ ಮೇಲಿನ ಆ ಸುಳ್ಳಿ ಜೊತೆ ನಾನು ಕುಣಿಯಲ್ಲ. ನಾಳೆ ಬರೋದೂ ಇಲ್ಲ. ಹೋಗಿ!"

ಅವನು ಲ್ಯಾಪ್‌ಟಾಪ್ ತೆರೆದ. ಆಕೃತಿ ತಿರುಗಿತು; ಎಡ ಹಿಮ್ಮಡಿ ನೆಲ ಸವರಿಕೊಂಡು, ಅರೆಕ್ಷಣ ತಡವಾಗಿ ಬಂದು ಸೇರಿತು.

'ಇದು... ನಾನು!'

"ಮೂಲ ದಾಖಲೆ ನನ್ನ ಹತ್ರ ಇತ್ತು. ನಡುಕ, ಕುಲುಕು ಎಲ್ಲ ನಯ ಮಾಡೋ ಒಂದು ಬಟನ್ ಇದೆ. ಎಡಗಾಲಿಗೆ ಅದನ್ನ ಒತ್ತಿದಾರೆ. ನಾನಲ್ಲ."

"ಸಂಜೆ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಎಲ್ಲರೆದುರು ಒತ್ತಿದವರ ಹೆಸರು ಹೇಳಿದ್ರೆ ಅವರು ಕುಸಿದುಹೋಗ್ತಿದ್ರು. ನಿಮ್ಮ ಬೈಗುಳ ತಡ್ಕೋಬಹುದು... ಮೂರು ತಿಂಗಳಿಂದ ಅಭ್ಯಾಸ ಆಗಿದೆ."

ಉಕ್ಕಿದ ನಗುವನ್ನು ಅವಳು ತುಟಿ ಕಚ್ಚಿ ತಡೆದಳು.

"ನಿಮ್ಮ ಹಿಮ್ಮಡಿ ತಡವಾಗೋ ಆ ಅರೆಕ್ಷಣಕ್ಕೆ ಕಾಯ್ತಾ ಕೂತಿರ್ತೀನಿ ನಾನು. ಅದಿಲ್ಲದಿದ್ರೆ ಪರದೆ ಮೇಲಿರೋದು ಬೇರೆ ಯಾರೋ... ನಾನು ಪ್ರೀತಿಸಿದವಳಲ್ಲ."

ಅವಳ ಕಣ್ಣು ತುಂಬಿತು. ಆದರೂ ತಲೆ ತಗ್ಗಿಸಲಿಲ್ಲ.

"ಹಾಗಾದ್ರೆ ನಾಳೆ ಬರ್ತೀನಿ! ಈ ಕಾಲು ನೋಡಲಾರದವರನ್ನ ಮೊದಲ ಸಾಲಲ್ಲೇ ಕೂರಿಸು. ಅವರ ಕಣ್ಣೆದುರೇ ಕುಣೀತೀನಿ. ಯಾರು ಹೇಳು."

"ಕೋಪ ಮಾಡ್ಕೋಬಾರದು."

"ಮಾಡ್ಕೋತೀನಿ. ನೀನು... ಜೊತೆಗಿರ್ತೀಯಲ್ಲ?"

"ಇರ್ತೀನಿ."

ಅವಳ ಕೈಯನ್ನು ಬಿಗಿಯಾಗಿ ಹಿಡಿದು, ಒಳಕೋಣೆಯ ಮುಚ್ಚಿದ ಬಾಗಿಲಿನತ್ತ ನೋಡಿದ.

"ನಿಮ್ಮಕ್ಕ."