ಗಾಡಿಯಮ್ಮನ ಅಪ್ಪಣೆ

ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ, ನಡೆದದ್ದಿಷ್ಟು. ಥಾಯ್ಲೆಂಡಿನ ಚಂಥಬುರಿಯಲ್ಲಿ ಪಿಕಪ್ ಗಾಡಿಗಳ ಇಂಜಿನ್ ಕಂಪ್ಯೂಟರಿನಿಂದ ಹಳೆಯ ಆಪರೇಟಿಂಗ್ ಸಿಸ್ಟಮ್ ಅಳಿಸಿ ಬೇರೆಯದನ್ನು ಬರೆಯುವುದು ನನ್ನ ಕಸುಬು. ಒಂದು ಮಧ್ಯಾಹ್ನ ದುರಿಯನ್ ಹಣ್ಣು ಸಾಗಿಸುವ ಬುಪ್ಪಾ ದೊಡ್ಡಮ್ಮ ಗಾಡಿ ತಂದರು.

"ಗಾಡಿಯಮ್ಮನ ಅಪ್ಪಣೆ ಕೇಳಿದ್ಯೇನೋ?"

ಗಾಡಿಯೊಳಗಿರುವ ಮೆ ಯಾನಾಂಗ್ ದೇವಿಗೆ ಕೈಮುಗಿಯದೆ ನಮ್ಮಲ್ಲಿ ಯಾರೂ ಸ್ಪ್ಯಾನರ್ ಎತ್ತುವುದಿಲ್ಲ.

"ಬ್ಯಾಟರಿಗೆ ಚಾರ್ಜರ್ ಹಾಕಿದ್ದೀನಿ, ಹಳೇದರ ಕಾಪಿ ಇಟ್ಕೊಂಡಿದ್ದೀನಿ. ಇದರಲ್ಲಿ ಅಮ್ಮನಿಗೇನು ಕೆಲಸ, ದೊಡ್ಡಮ್ಮ?" ಎಂದು ನಕ್ಕೆ.

ಹೊಸದನ್ನು ಬರೆಯುವುದು ಅರ್ಧಕ್ಕೇ ನಿಂತುಬಿಟ್ಟಿತು. ಕರೆಂಟು ಹೋಗಿರಲಿಲ್ಲ, ಕೇಬಲ್ಲು ಅಲುಗಿರಲಿಲ್ಲ. ಹಳೆಯ ಕಾಪಿಯನ್ನು ವಾಪಸ್ ಹಾಕಲು ನೋಡಿದರೆ ಅದೂ ಒಳಗೆ ಹೋಗಲಿಲ್ಲ. ಕನ್ನಡಿಗೆ ತೂಗುಹಾಕಿದ್ದ ಒಣಗಿದ ಮಲ್ಲಿಗೆ ಹಾರ ಮಾತ್ರ ಘಮ್ಮೆಂದಿತು. ಸತ್ತ ಕಂಪ್ಯೂಟರನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಅಷ್ಟು ಬಿಸಿಲಲ್ಲೂ ಅದು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಇದಿಲ್ದೆ ಇಂಜಿನ್ ಸ್ಟಾರ್ಟ್ ಆಗಲ್ಲ. ನಾಳೆ ಬೇರೆ ತರಿಸ್ತೀನಿ, ಗಾಡಿ ಇಲ್ಲೇ ಇರ್ಲಿ."

"ಮಾಗಿದ ಹಣ್ಣು ನಾಳೆವರೆಗೂ ಕಾಯುತ್ತೇನೋ, ಮಂಕೆ?"

ದೊಡ್ಡಮ್ಮ ಸ್ಟೀರಿಂಗ್ ಮುಂದೆ ಕೂತು ಕೈಮುಗಿದರು. "ಅಮ್ಮಾ, ಹುಡುಗ್‌ಬುದ್ಧಿ, ಹೊಟ್ಟೆಗೆ ಹಾಕ್ಕೋ. ಬಾ, ಸಂತೆಗೆ ಹೊತ್ತಾಯ್ತು."

ಕೀ ತಿರುಗಿಸಿದರು. ಇಂಜಿನ್ ಶುರುವಾಯಿತು.

ಗಾಡಿ ಯಾರ ಮಾತು ಕೇಳುತ್ತದೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಈಗ ಅಪ್ಪಣೆ ಕೇಳದೆ ಬಾನೆಟ್ಟನ್ನೂ ಎತ್ತುವುದಿಲ್ಲ. ಆ ಪಿಕಪ್ ಈಗಲೂ ಹಣ್ಣು ಹೊತ್ತು ನನ್ನ ಗ್ಯಾರೇಜಿನ ಮುಂದೆ ಓಡಾಡುತ್ತದೆ. "ಬೇರೆ ಕಂಪ್ಯೂಟರ್ ಹಾಕಿಸಿದ್ರಾ?" ಎಂದರೆ ದೊಡ್ಡಮ್ಮ, "ಯಾತಕ್ಕೋ?" ಎಂದು ನಗುತ್ತಾರೆ.

ಅದರ ಕಂಪ್ಯೂಟರ್ ನನ್ನ ಕಪಾಟಿನಲ್ಲಿದೆ. ಇನ್ನೂ ತಣ್ಣಗೇ ಇದೆ.